ಬಡ್ಡಿಯ ಹಣ, ನೀಲಿ ಛಾವಣಿ

ಇಟಲಿಯ ಪಾದುವಾ ನಗರದ ನಟ್ಟನಡುವೆ ಪಲಾತ್ಸೊ ದೆಲ್ಲಾ ರಾಜೊನೆ ಎಂಬ ಹಳೆಯ ನ್ಯಾಯಾಲಯದ ಕಟ್ಟಡವಿದೆ. ಹದಿಮೂರನೆಯ ಶತಮಾನದ ಆರಂಭದಲ್ಲಿ ಕಟ್ಟಿದ್ದು. ಕೆಳಗೆ ಅಂದಿನಿಂದಲೂ ಸಂತೆ: ಮಾಂಸ, ಚೀಸು, ಹಣ್ಣು, ತರಕಾರಿ. ಮೇಲೆ ಸುಮಾರು 80 ಮೀಟರ್ ಉದ್ದದ ಒಂದೇ ಹಜಾರ, ಅದರ ನೆತ್ತಿಗೆ ಹಡಗನ್ನು ಕವುಚಿ ಹಾಕಿದಂಥ ಮರದ ಮಾಡು. ಇಲ್ಲಿ ಜೊಟ್ಟೊ ಬರೆದಿದ್ದ ಚಿತ್ರಗಳು 1420ರ ಬೆಂಕಿಯಲ್ಲಿ ಹೋದವು. ಈಗ ಗೋಡೆ ತುಂಬ ಇರುವುದು ಆಮೇಲೆ ಬರೆಸಿದ ರಾಶಿ, ಗ್ರಹ, ಮಾಸಗಳ ಚಿತ್ರಗಳು. ಕತ್ತೆತ್ತಿ ಅವನ್ನೇ ನೋಡುತ್ತ ನಡೆಯುವವರಿಗೆ ನೆಲದ ಮೇಲಿನ ಒಂದು ಕಪ್ಪು ಕಲ್ಲಿನ ಪೀಠ ಕಾಣದೇ ಹೋಗಬಹುದು. ಅದನ್ನು ಅವಮಾನದ ಕಲ್ಲು ಎನ್ನುತ್ತಾರೆ.

ಸಾಲ ತೀರಿಸಲಾಗದವನು ಈ ಕಲ್ಲಿನ ಮೇಲೆ ಕೂರಬೇಕಿತ್ತು. ಸುಮ್ಮನೆ ಕೂರುವುದಲ್ಲ. ಮೇಲುಡುಗೆ ಕಳಚಿ, ಊರ ಜನರೆದುರು ಮೂರು ಸಲ ಎದ್ದು ಕುಂಡೆ ಬಡಿದು ಕೂತು, ಪ್ರತಿ ಸಲವೂ ‘ನನ್ನ ಆಸ್ತಿಯನ್ನೆಲ್ಲ ಬಿಟ್ಟುಕೊಟ್ಟೆ’ ಎಂಬರ್ಥದ ಎರಡು ಲ್ಯಾಟಿನ್ ಪದಗಳನ್ನು ಹೇಳಬೇಕು. ಆಮೇಲೆ ಊರು ಬಿಡಬೇಕು. ಇದು ಕ್ರೌರ್ಯದ ಹಾಗೆ ಕಾಣುತ್ತದೆ. ಆದರೆ ಇದು ಕರುಣೆಯಿಂದ ಹುಟ್ಟಿದ ಕಾನೂನು. ಅದಕ್ಕೂ ಮೊದಲು ಸಾಲಗಾರನಿಗಿದ್ದ ಗತಿ ಸೆರೆಮನೆ. 1231ರ ವಸಂತದಲ್ಲಿ ಪಾದುವಾದಲ್ಲಿ ಉಪದೇಶ ಮಾಡುತ್ತಿದ್ದ ಫ್ರಾನ್ಸಿಸ್ಕನ್ ಸನ್ಯಾಸಿ ಆಂತೋನಿ, ಇದ್ದಬದ್ದದ್ದನ್ನೆಲ್ಲ ಒಪ್ಪಿಸಿದ ಮೇಲೂ ಮನುಷ್ಯನನ್ನು ಕತ್ತಲಕೋಣೆಗೆ ತಳ್ಳುವುದು ಸಲ್ಲದೆಂದು ಆಡಳಿತಗಾರರ ಮನವೊಲಿಸಿದ. ನಗರ ಕಾನೂನು ಬದಲಿಸಿತು. ಅದೇ ವರ್ಷ ಜೂನ್‌ನಲ್ಲಿ ಆತ ತೀರಿಕೊಂಡ. ಇವತ್ತು ಇಡೀ ಜಗತ್ತು ‘ಪಾದುವಾದ ಸಂತ ಆಂತೋನಿ’ ಎಂದು ಕರೆಯುವುದು ಇವನನ್ನೇ.

ಹೀಗೆ ಸಾಲಗಾರನಿಗೆ ಪಾದುವಾ ಒಂದು ಕಲ್ಲು ಕೊಟ್ಟಿತು. ಸಾಲ ಕೊಟ್ಟವನಿಗೆ ಏನು ಸಿಕ್ಕಿತು ಎಂದು ನೋಡಲು ಅಲ್ಲಿಂದ ಹತ್ತು ನಿಮಿಷ ಉತ್ತರಕ್ಕೆ ನಡೆಯಬೇಕು.

ಅಲ್ಲೊಂದು ರೋಮನ್ ಕಾಲದ ಬಯಲು ರಂಗಮಂದಿರದ ಅವಶೇಷವಿದೆ. ಅದರ ಆವರಣದಲ್ಲಿ ಹೊರಗಿನಿಂದ ಏನೇನೂ ಅಲ್ಲದ ಒಂದು ಇಟ್ಟಿಗೆಯ ಕಟ್ಟಡ. ಉಗ್ರಾಣ ಅಂದರೂ ನಂಬಬಹುದು. ಒಳಗೆ ಹೋದರೆ ಯುರೋಪಿನ ಚಿತ್ರಕಲೆ ದಿಕ್ಕು ಬದಲಿಸಿದ ಜಾಗ. ಎನ್ರಿಕೊ ಸ್ಕ್ರೊವೇನ್ಯಿ ಎಂಬ ಸಿರಿವಂತ 1300ರಲ್ಲಿ ಈ ಜಾಗ ಕೊಂಡ. ಅರಮನೆ ಕಟ್ಟಿಸಿದ, ಪಕ್ಕದಲ್ಲೊಂದು ಚಾಪೆಲ್ ಕಟ್ಟಿಸಿದ, ಚಿತ್ರ ಬರೆಯಲು ಜೊಟ್ಟೊನನ್ನು ಕರೆಸಿದ. 1305ರ ಮಾರ್ಚ್ 25ರಂದು ಚಾಪೆಲ್‌ನ ಪ್ರತಿಷ್ಠೆಯಾಯಿತು. ನೀಲಿ ಬಣ್ಣದ ಕಮಾನು ಛಾವಣಿ, ಅದರ ತುಂಬ ಚಿನ್ನದ ನಕ್ಷತ್ರಗಳು. ಗೋಡೆಗಳ ಮೇಲೆ ಮೂರು ಸಾಲುಗಳಲ್ಲಿ ಮೇರಿಯ ಮತ್ತು ಯೇಸುವಿನ ಕಥೆ. ಅದಕ್ಕೂ ಮುಂಚೆ ಚಿನ್ನದ ಹಿನ್ನೆಲೆಯಲ್ಲಿ ತೇಲುತ್ತಿದ್ದ ದೈವಗಳು ಇಲ್ಲಿ ನೆಲದ ಮೇಲೆ ಕಾಲೂರಿ ನಿಂತವು. ಅಳುವವರ ಮುಖ ಅಳುವವರ ಮುಖದ ಹಾಗೇ ಇದೆ. ಕೆಲವರು ನಮಗೆ ಬೆನ್ನು ಹಾಕಿ ಕೂತಿದ್ದಾರೆ. ಮುಖ ಕಾಣದಿದ್ದರೂ ಅವರ ದುಃಖ ಆ ಬೆನ್ನಿನಲ್ಲೇ ಕಾಣುತ್ತದೆ.

ಈ ದುಡ್ಡು ಎಲ್ಲಿಂದ ಬಂತು? ಎನ್ರಿಕೊನ ಅಪ್ಪ ರೆಜಿನಾಲ್ಡೊ ಬಡ್ಡಿ ವ್ಯವಹಾರದಲ್ಲಿ ಹೆಸರಾದವನು; ಇಲ್ಲಿ ಹೆಸರಾದವನು ಅಂದರೆ ಹೆಸರು ಕೆಡಿಸಿಕೊಂಡವನು ಎಂದೇ ಅರ್ಥ. ಡಾಂಟೆ ತನ್ನ ‘ಡಿವೈನ್ ಕಾಮೆಡಿ’ಯ ನರಕದ ಹದಿನೇಳನೆಯ ಸರ್ಗದಲ್ಲಿ ಬಡ್ಡಿಕೋರರನ್ನು ಸುಡುವ ಮರಳಿನ ಮೇಲೆ ಕೂರಿಸುತ್ತಾನೆ. ಪ್ರತಿಯೊಬ್ಬನ ಕೊರಳಿಗೂ ಒಂದು ಹಣದ ಚೀಲ, ಚೀಲದ ಮೇಲೆ ಮನೆತನದ ಲಾಂಛನ. ಅವರು ಆ ಚೀಲವನ್ನೇ ನೋಡುತ್ತ ಕೂತಿದ್ದಾರೆ. ಅವರ ಮುಖಗಳು ಡಾಂಟೆಗೆ ಗುರುತು ಸಿಗುವುದಿಲ್ಲ. ಚೀಲಗಳ ಗುರುತು ಸಿಗುತ್ತದೆ. ಅವರಲ್ಲೊಬ್ಬನ ಬಿಳಿ ಚೀಲದ ಮೇಲೆ ಗಬ್ಬದ ನೀಲಿ ಹಂದಿಯ ಚಿತ್ರ. ಅದು ಸ್ಕ್ರೊವೇನ್ಯಿ ಮನೆತನದ ಲಾಂಛನ. ತಾನು ಪಾದುವಾದವನೆಂದು ಅವನೇ ಹೇಳಿಕೊಳ್ಳುತ್ತಾನೆ, ಹೆಸರು ಮಾತ್ರ ಹೇಳುವುದಿಲ್ಲ. ವ್ಯಾಖ್ಯಾನಕಾರರು ಅವನನ್ನು ರೆಜಿನಾಲ್ಡೊ ಎಂದೇ ಗುರುತಿಸುತ್ತ ಬಂದಿದ್ದಾರೆ. ಅದೇ ಕಾವ್ಯದ ಶುದ್ಧಿಲೋಕದ ಭಾಗದಲ್ಲಿ ಜೊಟ್ಟೊನನ್ನು ಡಾಂಟೆ ಹೆಸರು ಹಿಡಿದು ನೆನೆಯುತ್ತಾನೆ. ಚಿತ್ರ ಬರೆದವನಿಗೆ ಹೆಸರು, ಹಣ ಕೂಡಿಟ್ಟವನಿಗೆ ಹಂದಿ.

ಅಪ್ಪನ ಪಾಪ ತೊಳೆಯಲು ಮಗ ಈ ಚಾಪೆಲ್ ಕಟ್ಟಿಸಿದ ಎಂಬುದು ಪ್ರವಾಸಿ ಪುಸ್ತಕಗಳು ಹೇಳುವ ಕಥೆ. ಇತಿಹಾಸಕಾರರೆಲ್ಲ ಇದನ್ನು ಒಪ್ಪುವುದಿಲ್ಲ. ಎನ್ರಿಕೊನಿಗೆ ಬೇಕಿದ್ದದ್ದು ಪ್ರಾಯಶ್ಚಿತ್ತಕ್ಕಿಂತ ಪ್ರತಿಷ್ಠೆ, ರಾಜಮನೆತನಗಳ ಸರಿಸಮಾನವಾಗಿ ನಿಲ್ಲುವ ಆಸೆ ಎನ್ನುವವರಿದ್ದಾರೆ. ಅವರಿಗೆ ಸಮಕಾಲೀನ ಸಾಕ್ಷಿಯೂ ಇದೆ. 1305ರ ಜನವರಿಯಲ್ಲಿ, ಪ್ರತಿಷ್ಠೆಗೆ ಎರಡೂವರೆ ತಿಂಗಳ ಮೊದಲು, ಪಕ್ಕದ ಎರೆಮಿತಾನಿ ಮಠದ ಸನ್ಯಾಸಿಗಳು ದೂರು ಕೊಟ್ಟರು. ಮನೆಮಂದಿಗೆಂದು ಸಣ್ಣ ಪ್ರಾರ್ಥನಾಲಯಕ್ಕೆ ಅನುಮತಿ ಪಡೆದವನು ಗಂಟೆಗೋಪುರ ಸಮೇತ ದೊಡ್ಡದನ್ನೇ ಎಬ್ಬಿಸುತ್ತಿದ್ದಾನೆ, ಇದರಲ್ಲಿ ದೇವರ ಸ್ತುತಿಗಿಂತ ಸಿರಿವಂತನ ಆಡಂಬರವೇ ಹೆಚ್ಚು ಎಂಬುದು ಅವರ ತಕರಾರಿನ ಸಾರ. ಇದರಲ್ಲಿ ಸ್ವಲ್ಪ ನೆರೆಹೊರೆಯ ಹೊಟ್ಟೆಯುರಿಯೂ ಇದ್ದಿರಬಹುದು. ಹೊಸ ಚಾಪೆಲ್‌ಗೆ ಜನ ಹೋದರೆ ಹಳೆಯ ಮಠದ ಕಾಣಿಕೆ ಕಡಿಮೆಯಾಗುತ್ತದಲ್ಲ.

ಎನ್ರಿಕೊನ ಎದೆಯಲ್ಲಿ ಪಶ್ಚಾತ್ತಾಪ ಇತ್ತೋ ಜಂಬ ಇತ್ತೋ ಎಂಬ ಪ್ರಶ್ನೆ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಎರಡೂ ಇದ್ದಿರಬಹುದು, ಹೆಚ್ಚಿನವರಲ್ಲಿ ಎರಡೂ ಇರುತ್ತವೆ. ಅವನು ಪೂರ್ಣ ಪ್ರಾಮಾಣಿಕವಾಗಿ ಪಶ್ಚಾತ್ತಾಪ ಪಟ್ಟ ಎಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ: ಚಾಪೆಲ್ ಕಟ್ಟಿಸಿದರೆ ಸಾಲ ತೀರುತ್ತದೆಯೇ?

ಇದು ಇಂದಿನವರು ಅಂದಿನವರ ಮೇಲೆ ಹೇರುವ ಪ್ರಶ್ನೆಯಲ್ಲ. ಆ ಕಾಲದ ಚರ್ಚ್ ಈ ವಿಷಯದಲ್ಲಿ ನಮಗಿಂತ ಖಡಕ್ಕಾಗಿತ್ತು. ಬಡ್ಡಿ ತಿನ್ನುವವನು ಕಾಲವನ್ನು ಮಾರುತ್ತಾನೆ, ಕಾಲ ದೇವರದ್ದು, ಆದ್ದರಿಂದ ಅವನು ತನ್ನದಲ್ಲದ್ದನ್ನು ಮಾರುವ ಕಳ್ಳ ಎಂಬ ವಾದ ಪ್ರಚಲಿತವಿತ್ತು. 1179ರ ಲ್ಯಾಟೆರನ್ ಸಭೆ ಕುಖ್ಯಾತ ಬಡ್ಡಿಕೋರರಿಗೆ ಕ್ರೈಸ್ತ ವಿಧಿಯ ಶವಸಂಸ್ಕಾರವನ್ನೇ ನಿರಾಕರಿಸಿತು. 1274ರ ಲಿಯೋನ್ ಸಭೆ ಇನ್ನೂ ಮುಂದೆ ಹೋಗಿ, ತೆಗೆದುಕೊಂಡ ಬಡ್ಡಿಯನ್ನು ಮರಳಿಸುವ ಏರ್ಪಾಡು ಆಗುವವರೆಗೆ ಅಂಥವರಿಗೆ ಸಮಾಧಿಯಿಲ್ಲ ಎಂದಿತು. ‘ಮರಳಿಸುವುದು’ ಎಂಬ ಆ ಮಾತನ್ನು ಗಮನಿಸಬೇಕು. ಅದು ದಾನವಲ್ಲ, ಧರ್ಮಕಾರ್ಯವಲ್ಲ, ಕಟ್ಟಡವಲ್ಲ. ಯಾರಿಂದ ಕಿತ್ತುಕೊಂಡೆಯೋ ಅವನಿಗೆ, ಅವನು ಸತ್ತಿದ್ದರೆ ಅವನ ಮಕ್ಕಳಿಗೆ ಕೊಡಬೇಕು. ಯಾರೆಂದು ತಿಳಿಯದೇ ಇದ್ದಾಗ ಮಾತ್ರ ಬಡವರಿಗೆ.

ಮರಳಿಸುವುದಕ್ಕೆ ವಿಳಾಸ ಬೇಕು. ದಾನಕ್ಕೆ ಅದು ಬೇಡ, ದಾನಿಗೆ ಇಷ್ಟಬಂದ ಕಡೆ ಹರಿಸಬಹುದು. ದಾನ ಮಾಡಿದವನ ಹೆಸರು ಬಾಗಿಲ ಮೇಲೆ ಬರುತ್ತದೆ. ಮರಳಿಸಿದವನು ಒಂದು ಮನೆಯ ಬಾಗಿಲು ತಟ್ಟಿ, ತಗ್ಗಿದ ದನಿಯಲ್ಲಿ ಮಾತಾಡಿ, ಚೀಲ ಇಟ್ಟು ಬರಬೇಕಾಗುತ್ತದೆ. ಆ ಮನೆಯವರು ಬಯ್ದರೆ ಕೇಳಿಸಿಕೊಳ್ಳಬೇಕಾಗುತ್ತದೆ. ಕೈಯಿಂದ ಹೋಗುವ ಹಣ ಒಂದೇ ಇರಬಹುದು, ಕೊಡುವವನಿಗೆ ಆಗುವ ಅನುಭವ ಒಂದೇ ಅಲ್ಲ. ಹಣವುಳ್ಳವರು ಎಲ್ಲ ಕಾಲದಲ್ಲೂ ಎರಡನೆಯದಕ್ಕಿಂತ ಮೊದಲನೆಯದನ್ನು ಆರಿಸಿಕೊಳ್ಳುವುದು ಇದೇ ಕಾರಣಕ್ಕೆ ಎಂದು ನನ್ನ ಗುಮಾನಿ.

ಕನ್ನಡದಲ್ಲಿ ನಾವು ಸಾಲ ಅನ್ನುತ್ತೇವೆ, ಋಣ ಅನ್ನುತ್ತೇವೆ, ಹಂಗು ಅನ್ನುತ್ತೇವೆ. ಸಾಲಕ್ಕೆ ಪತ್ರವಿದೆ, ಗಡುವಿದೆ, ತೀರಿಸಿದರೆ ಮುಗಿಯಿತು. ಋಣ ಹಾಗಲ್ಲ, ಅದು ತೀರಿತು ಎನ್ನುವ ಮಾತನ್ನು ನಾವು ಹೆಚ್ಚಾಗಿ ಸಾವಿನ ಮನೆಯಲ್ಲೇ ಆಡುತ್ತೇವೆ. ವಿಚಿತ್ರವೆಂದರೆ ಈ ಪದಗಳೆಲ್ಲ ಪಡೆದುಕೊಂಡವನ ಕಡೆಯಿಂದಲೇ ಹುಟ್ಟಿದವು. ಬಡ್ಡಿಯಿಂದ ಬೆಳೆದವನಿಗೆ ತಾನು ಹಿಂಡಿದವರ ಬಗ್ಗೆ ಇರಬೇಕಾದ ಋಣಕ್ಕೆ ನಮ್ಮಲ್ಲೂ ಒಂದು ಸಲೀಸಾದ ಪದವಿಲ್ಲ.

ಈಗ ಚಾಪೆಲ್‌ನ ಗೋಡೆಗಳಿಗೆ ಬರೋಣ. ಏಕೆಂದರೆ ಈ ಕಟ್ಟಡದ ವಿಶೇಷ ಇರುವುದು, ಅದನ್ನು ಕಟ್ಟಿಸಿದ ಹಣದ ಬಗ್ಗೆ ಅದು ಮೌನವಾಗಿಲ್ಲ ಎಂಬುದರಲ್ಲಿ. ಬಲಿಪೀಠದ ಕಡೆಗಿನ ಕಮಾನಿನ ಎಡಕ್ಕೆ, ನೆರೆದವರೆಲ್ಲರ ಕಣ್ಣಿಗೆ ನೇರ ಬೀಳುವ ಜಾಗದಲ್ಲಿ, ಯೂದ ಹಳದಿ ನಿಲುವಂಗಿ ತೊಟ್ಟು ಕೈಯಲ್ಲಿ ಹಣದ ಚೀಲ ಹಿಡಿದು ನಿಂತಿದ್ದಾನೆ. ಅವನ ಬೆನ್ನ ಹಿಂದೆ ಕರಿಯ ಪಿಶಾಚಿ. ಕಮಾನಿನ ಬಲಕ್ಕೆ, ಸರಿಯಾಗಿ ಎದುರುಬದುರಾಗಿ, ಇಬ್ಬರು ಬಸುರಿ ಹೆಂಗಸರು, ಮೇರಿ ಮತ್ತು ಎಲಿಜಬೆತ್, ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದಾರೆ. ಒಂದು ಕಡೆ ಗುಟ್ಟಾಗಿ ಬದಲಾಗುವ ಹಣ, ಇನ್ನೊಂದು ಕಡೆ ಗುಟ್ಟಿಲ್ಲದ ಅಪ್ಪುಗೆ. ಯೂದನ ಚಿತ್ರದ ಪಕ್ಕದ ಗೋಡೆಯಲ್ಲೇ ಯೇಸು ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸುವ ದೃಶ್ಯ. ಯೇಸುವಿನ ಮುಷ್ಟಿ ಮೇಲೆತ್ತಿದೆ. ಹೆದರಿದ ಮಗುವೊಂದು ಶಿಷ್ಯನ ನಿಲುವಂಗಿಯ ಮರೆಗೆ ಸೇರಿಕೊಂಡಿದೆ.

ಬಾಗಿಲ ಮೇಲಿನ ಇಡೀ ಗೋಡೆ ಅಂತಿಮ ತೀರ್ಪಿನದು. ಹಿಂದಿನ ಕಾಲದ ಭಕ್ತರು ಹೊರಗೆ ಹೋಗುವಾಗ ಅದನ್ನೇ ನೋಡುತ್ತ ಹೋಗಬೇಕಿತ್ತು. ನರಕದ ಕಡೆ ಕೆಲವರನ್ನು ನೇಣು ಹಾಕಲಾಗಿದೆ, ಹಗ್ಗಕ್ಕೆ ಬದಲು ಅವರವರ ಹಣದ ಚೀಲದ ದಾರದಿಂದಲೇ. ಸ್ವರ್ಗದ ಕಡೆ ಎನ್ರಿಕೊ ಮೊಣಕಾಲೂರಿದ್ದಾನೆ. ನೇರಳೆ ಬಣ್ಣದ ಉಡುಪು. ಪಶ್ಚಾತ್ತಾಪದ ಬಣ್ಣ ಅದು. ಚಾಪೆಲ್‌ನ ಪುಟ್ಟ ಮಾದರಿಯನ್ನು ಒಬ್ಬ ಪಾದ್ರಿ ಹೆಗಲ ಮೇಲೆ ಹೊತ್ತಿದ್ದಾನೆ, ಎನ್ರಿಕೊ ಅದನ್ನು ಮೇರಿಗೆ ಒಪ್ಪಿಸುತ್ತಿದ್ದಾನೆ. ಅವನ ಮತ್ತು ಆ ನೇತಾಡುವವರ ನಡುವೆ ಇರುವುದು ಒಂದು ಶಿಲುಬೆ, ಕೆಲವು ಅಡಿ ಗೋಡೆ. ತನ್ನ ಅಪ್ಪನ ಕಸುಬಿನವರನ್ನು ಹೀಗೆ ನೇಣಿಗೆ ಹಾಕಿ ಚಿತ್ರಿಸಲು ಅವನೇ ದುಡ್ಡು ಕೊಟ್ಟ ಎಂಬುದನ್ನು ಯೋಚಿಸಿದಾಗ ಅವನ ಬಗ್ಗೆ ಒಂದು ಬಗೆಯ ಗೌರವ ಹುಟ್ಟುತ್ತದೆ. ಅವನು ‘ನನಗೂ ಅದಕ್ಕೂ ಸಂಬಂಧವಿಲ್ಲ’ ಎಂದು ತೋರಿಸಿಕೊಳ್ಳಲು ಹಾಗೆ ಮಾಡಿಸಿದ್ದರೆ ಆ ಗೌರವ ಅಲ್ಲಿಗೇ ಇಳಿಯುತ್ತದೆ. ಗೋಡೆ ಎರಡಕ್ಕೂ ಎಡೆ ಕೊಡುತ್ತದೆ.

ಆದರೆ ಆ ದೊಡ್ಡ ಗೋಡೆಯಲ್ಲಿ ಒಬ್ಬರು ಇಲ್ಲ. ಬಡ್ಡಿ ಕಟ್ಟಿದವರು. ತೀರ್ಪು ಕೊಡುವವನಿದ್ದಾನೆ, ಕಾಣಿಕೆ ತೆಗೆದುಕೊಳ್ಳುವ ಮೇರಿಯಿದ್ದಾಳೆ, ಕೊಡುವವನಿದ್ದಾನೆ, ಶಿಕ್ಷೆ ಅನುಭವಿಸುವವರಿದ್ದಾರೆ. ಯಾರ ದುಡ್ಡೋ ಅವರು ಈ ವ್ಯವಹಾರದಲ್ಲಿ ಎಲ್ಲೂ ಗುರುತಾಗುವುದಿಲ್ಲ. ಲೆಕ್ಕಾಚಾರ ಪೂರ್ತಿ ಎನ್ರಿಕೊ ಮತ್ತು ದೇವರ ನಡುವೆ. ಜೊಟ್ಟೊನಂಥ ಜೊಟ್ಟೊನಿಗೂ ಆ ಮುಖಗಳನ್ನು ಬರೆಯಲು ಆ ಗೋಡೆಯಲ್ಲಿ ಜಾಗ ಇರಲಿಲ್ಲ. ಸಾಲ ಮಾಡಿದವರೆಲ್ಲ ಹೊಟ್ಟೆಗಿಲ್ಲದ ಬಡವರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಆ ಕಾಲದಲ್ಲಿ ಜಮೀನ್ದಾರರೂ ಧರ್ಮಾಧಿಕಾರಿಗಳೂ ಸಾಲ ಮಾಡುತ್ತಿದ್ದರು. ಆದರೂ ಆ ಕಪ್ಪು ಕಲ್ಲಿನ ಮೇಲೆ ಕೂತವರು ಯಾರೋ ಇದ್ದೇ ಇದ್ದರಲ್ಲ.

ಗೋಡೆಗಳ ಕೆಳಭಾಗದಲ್ಲಿ, ಕಣ್ಣಿನ ಮಟ್ಟಕ್ಕೆ, ಕಲ್ಲಿನ ಶಿಲ್ಪದ ಭ್ರಮೆ ಹುಟ್ಟಿಸುವ ಬೂದು ಬಣ್ಣದಲ್ಲಿ ಏಳು ಸದ್ಗುಣಗಳೂ ಏಳು ದುರ್ಗುಣಗಳೂ ಎದುರುಬದುರು ನಿಂತಿವೆ. ನ್ಯಾಯಕ್ಕೆ ಎದುರಾಗಿ ಅನ್ಯಾಯ, ಭರವಸೆಗೆ ಎದುರಾಗಿ ಹತಾಶೆ. ದುರ್ಗುಣಗಳ ಪಟ್ಟಿಯಲ್ಲಿ ಲೋಭ ಎಂಬ ಹೆಸರು ಇಲ್ಲ! ಬಡ್ಡಿಯವನ ಮನೆಯ ಚಾಪೆಲ್‌ನಲ್ಲಿ ಎಲ್ಲರೂ ಮೊದಲು ಹುಡುಕುವುದು ಅದನ್ನೇ. ಬದಲಿಗೆ ಮತ್ಸರವೆಂಬ ಮುದುಕಿ ಬೆಂಕಿಯ ನಡುವೆ ನಿಂತು ಒಂದು ಕೈಯಲ್ಲಿ ಹಣದ ಚೀಲ ಅವುಚಿಕೊಂಡಿದ್ದಾಳೆ. ಅವಳ ಬಾಯಿಂದ ಹೊರಟ ಹಾವು ತಿರುಗಿ ಅವಳ ಕಣ್ಣಿಗೇ ಬರುತ್ತಿದೆ. ಹೆಸರು ಬದಲಾಯಿಸಿ ಕಸುಬು ಮಾತ್ರ ಉಳಿಸಿಕೊಟ್ಟದ್ದು ಚಿತ್ರಕಾರನ ಜಾಣತನವೋ ಯಜಮಾನನ ಮುಜುಗರವೋ. ಎದುರಿನ ಗೋಡೆಯ ಕರುಣೆ ಹಣದ ಚೀಲಗಳನ್ನು ತುಳಿದು ನಿಂತಿದ್ದಾಳೆ, ಒಂದು ಕೈಯಲ್ಲಿ ಹಣ್ಣುಹೂಗಳ ಬಟ್ಟಲು, ಇನ್ನೊಂದು ಕೈಯಿಂದ ತನ್ನ ಹೃದಯವನ್ನು ಮೇಲಿರುವ ದೇವರಿಗೆ ನೀಡುತ್ತಿದ್ದಾಳೆ.

ಬಡ್ಡಿ ಈಗ ಪಾಪವಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. 1515ರ ಹೊತ್ತಿಗೆ ಚರ್ಚೇ ಬಡವರಿಗೆ ಒತ್ತೆಸಾಲ ಕೊಡುವ ಸಂಸ್ಥೆಗಳು ಖರ್ಚಿಗೆಂದು ಅಲ್ಪ ಬಡ್ಡಿ ಪಡೆಯುವುದನ್ನು ಒಪ್ಪಿಕೊಂಡಿತು. ಇವತ್ತು ನಾವೆಲ್ಲ ಬಡ್ಡಿ ಕಟ್ಟುತ್ತೇವೆ, ಠೇವಣಿಗೆ ಬಡ್ಡಿ ಪಡೆಯುತ್ತೇವೆ, ಅದರಲ್ಲಿ ಲಜ್ಜೆಪಡುವಂಥದ್ದೇನಿಲ್ಲ. ಹಾಗಾದರೆ ರೆಜಿನಾಲ್ಡೊನನ್ನು ಸುಡುವ ಮರಳಿನಿಂದ ಎಬ್ಬಿಸಿಬಿಡೋಣವೇ? ಕಾನೂನು ಬದಲಾದಾಗ ಒಂದು ಕೆಲಸದ ಹೆಸರು ಬದಲಾಗುತ್ತದೆ. ಹೊಲ ಕಳೆದುಕೊಂಡವನ ಹೊಲ ಹಿಂದಕ್ಕೆ ಬರುವುದಿಲ್ಲ. ನಾಳೆ ಯಾವುದು ನ್ಯಾಯಸಮ್ಮತವಾಗುತ್ತದೋ ಎಂಬುದನ್ನು ನೆಚ್ಚಿಕೊಂಡು ಇವತ್ತಿನವನ ನೋವನ್ನು ತೂಗಲಾಗದು.

ಈ ಪ್ರಶ್ನೆಗೆ ನಮ್ಮ ಕಾಲ ತನ್ನದೇ ಉತ್ತರ ಹುಡುಕಿಕೊಂಡಿದೆ. ಅಮೆರಿಕದ ಸ್ಯಾಕ್ಲರ್ ಕುಟುಂಬ ಜಗತ್ತಿನ ದೊಡ್ಡ ಮ್ಯೂಸಿಯಂಗಳಿಗೆ ಧಾರಾಳವಾಗಿ ಹಣ ಕೊಟ್ಟಿತ್ತು. ಆ ಕುಟುಂಬದ ಕೆಲವರ ಒಡೆತನದ ಕಂಪನಿ ಮಾರಿದ ನೋವಿನ ಮಾತ್ರೆ ಅಸಂಖ್ಯ ಜನರನ್ನು ಚಟಕ್ಕೆ ದೂಡಿತೆಂಬ ಸಂಗತಿ ಬಯಲಾದ ಮೇಲೆ 2019ರಲ್ಲಿ ಪ್ಯಾರಿಸ್ಸಿನ ಲೂವ್ರ್, 2021ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಆ ಹೆಸರನ್ನು ಗೋಡೆಗಳಿಂದ ತೆಗೆದವು. ಹೆಸರು ಹೋಯಿತು, ಕೋಣೆಗಳು ಉಳಿದವು. ಪಾದುವಾದಲ್ಲಿ ಹೆಸರೂ ಉಳಿದಿದೆ. ಎನ್ರಿಕೊ 1320ರಲ್ಲಿ ಊರು ಬಿಟ್ಟು ವೆನಿಸ್ ಸೇರಬೇಕಾಯಿತು, 1336ರಲ್ಲಿ ಸತ್ತ. ಅವನ ಅರಮನೆಯನ್ನು 1827ರಲ್ಲಿ ಕೆಡವಿದರು. ಉಳಿದದ್ದು ಚಾಪೆಲ್ ಒಂದೇ, ಅದನ್ನು ಜಗತ್ತು ಸ್ಕ್ರೊವೇನ್ಯಿ ಚಾಪೆಲ್ ಎಂದೇ ಕರೆಯುತ್ತದೆ. ಇರಲಿ ಅನಿಸುತ್ತದೆ ನನಗೆ. ಹೆಸರು ಅಳಿಸಿದರೆ ನಾವು ಬರಿಯ ಚೆಲುವನ್ನು ನೋಡಿ ಹೊರಬರುತ್ತೇವೆ. ಹೆಸರು ಇರುವುದರಿಂದಲೇ ದುಡ್ಡಿನ ಮಾತು ಬರುತ್ತದೆ.

ಚೆಲುವಿಗೂ ಯೋಗ್ಯತೆಗೂ ಸಂಬಂಧ ಹುಡುಕುವವರನ್ನು ಈ ಊರು ಇನ್ನೊಂದು ರೀತಿಯಲ್ಲೂ ಗೊಂದಲಗೊಳಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ, 1944ರ ಮಾರ್ಚ್ 11ರಂದು, ಮಿತ್ರಪಡೆಗಳ ಬಾಂಬುಗಳು ಎರೆಮಿತಾನಿ ಚರ್ಚಿನ ಮೇಲೆ ಬಿದ್ದವು. ಆಡಂಬರದ ವಿರುದ್ಧ ದೂರು ಕೊಟ್ಟ ಆ ಸನ್ಯಾಸಿಗಳ ಚರ್ಚು. ಅಲ್ಲಿ ತರುಣ ಮಾಂತೆನ್ಯಾ ಬರೆದ ಚಿತ್ರಗಳು ನುಚ್ಚುನೂರಾದವು. 80 ಸಾವಿರಕ್ಕೂ ಹೆಚ್ಚು ಚೂರುಗಳನ್ನು ಆರಿಸಿ ದಶಕಗಳ ನಂತರ ಗಣಿತದ, ಕಂಪ್ಯೂಟರಿನ ನೆರವಿನಿಂದ ಜೋಡಿಸಿದರು. ಕೂಗಳತೆಯಲ್ಲೇ ಇದ್ದ ಬಡ್ಡಿಯವನ ಚಾಪೆಲ್ ಉಳಿಯಿತು.

ಈಗ ಅದರೊಳಗೆ ಹೋಗುವುದು ಸುಲಭವಲ್ಲ. ಮುಂಗಡ ಟಿಕೆಟ್ ಬೇಕು. ಒಮ್ಮೆಗೆ ಸುಮಾರು 25 ಜನ. ಮೊದಲು ಗಾಜಿನ ಕೋಣೆಯೊಂದರಲ್ಲಿ ಹದಿನೈದು ನಿಮಿಷ ಕೂರಿಸುತ್ತಾರೆ. ನಾವು ಹೊರಗಿನಿಂದ ಹೊತ್ತು ತಂದ ತೇವ, ದೂಳು ಚಿತ್ರಗಳಿಗೆ ತಾಗದಿರಲಿ ಎಂದು. ನಮ್ಮ ಉಸಿರಿನಿಂದಲೇ ಆ ಬಣ್ಣಗಳಿಗೆ ಅಪಾಯ. ಆಮೇಲೆ ಒಳಗೆ ಹದಿನೈದು ನಿಮಿಷ. 2021ರಲ್ಲಿ ಪಾದುವಾದ ಹದಿನಾಲ್ಕನೆಯ ಶತಮಾನದ ಭಿತ್ತಿಚಿತ್ರಗಳೆಲ್ಲ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಬರುವವರಿಗೆ ಇನ್ನೊಂದು ಕಾರಣ ಸಿಕ್ಕಿದೆ. ಬರುವವರಾರೂ ಬಡ್ಡಿ ವಸೂಲು ಮಾಡಿದವರಲ್ಲ. ಆದರೆ ಏಳು ನೂರು ವರ್ಷಗಳ ಹಿಂದೆ ಯಾರೋ ಕಟ್ಟಿದ ಬಡ್ಡಿಯ ಫಲವನ್ನು ಕಣ್ತುಂಬಿಕೊಳ್ಳುವವರು ಅವರೇ. ಎನ್ರಿಕೊನ ಕಾಣಿಕೆ ನಿಜವಾಗಿ ತಲುಪಿದ್ದು ಮೇರಿಗೋ ಇಲ್ಲವೋ, ಇವರಿಗಂತೂ ತಲುಪಿದೆ. ಹಾಗೆಂದು ನೋಡದೇ ಬರುವುದು ಯಾವ ಸಾಲವನ್ನೂ ತೀರಿಸುವುದಿಲ್ಲ, ಆ ಗೋಡೆಗಳಿಗೆ ಬೆನ್ನು ಹಾಕಿದವನು ಹೆಚ್ಚು ನೀತಿವಂತನೂ ಅಲ್ಲ. ಆದರೆ ನೋಡುವ ಸುಖದೊಳಗೆ ಒಂದು ಸಣ್ಣ ಮುಳ್ಳು ಇರುವುದು ನನಗೆ ಸರಿಯಾಗಿಯೇ ಕಾಣುತ್ತದೆ. ಅದನ್ನು ಕೀಳುವ ಆತುರ ನನಗಿಲ್ಲ.

ಊರಿನ ಇನ್ನೊಂದು ತುದಿಯಲ್ಲಿ ಸಂತ ಆಂತೋನಿಯ ಬಸಿಲಿಕಾ ಇದೆ. ಹದಿನೈದನೆಯ ಶತಮಾನದಲ್ಲಿ ಫ್ಲಾರೆನ್ಸಿನ ದೊನಾತೆಲ್ಲೊ ಹತ್ತು ವರ್ಷ ಈ ಊರಲ್ಲಿದ್ದು ಅಲ್ಲಿಯ ಬಲಿಪೀಠಕ್ಕೆ ಕಂಚಿನ ಉಬ್ಬುಶಿಲ್ಪಗಳನ್ನು ಮಾಡಿದ. ಅದರಲ್ಲೊಂದು ಆಂತೋನಿಯ ಕುರಿತ ದಂತಕಥೆ. ಒಬ್ಬ ಜಿಪುಣ ಸತ್ತಿದ್ದಾನೆ. ಶವಸಂಸ್ಕಾರದ ಹೊತ್ತಿಗೆ ಆಂತೋನಿ ಹೇಳುತ್ತಾನೆ: ಇವನ ಎದೆಯಲ್ಲಿ ಹೃದಯವಿಲ್ಲ, ಅದು ಇವನ ಹಣದ ಪೆಟ್ಟಿಗೆಯಲ್ಲಿದೆ. ಎದೆ ಬಗೆದು ನೋಡುತ್ತಾರೆ, ಇಲ್ಲ. ಪೆಟ್ಟಿಗೆ ತೆರೆಯುತ್ತಾರೆ, ಅಲ್ಲಿದೆ. ದೊನಾತೆಲ್ಲೊ ಆ ಹೆಣದ ಸುತ್ತ ಊರಿಗೆ ಊರನ್ನೇ ತುಂಬಿದ್ದಾನೆ: ಬಾಗಿ ನೋಡುವವರು, ಹೆದರಿ ಹಿಂದೆ ಸರಿಯುವವರು, ಮಂಡಿಯೂರಿದವರು, ಮಕ್ಕಳನ್ನು ಅವುಚಿಕೊಂಡ ತಾಯಂದಿರು. ಎಲ್ಲರೂ ಹೇಳುವ ಕಥೆ ಹೃದಯ ಸಿಕ್ಕಲ್ಲಿಗೆ ನಿಲ್ಲುತ್ತದೆ. ಪೆಟ್ಟಿಗೆಯಲ್ಲಿ ಅದರ ಜೊತೆ ನಾಣ್ಯಗಳೂ ಇದ್ದಿರಬೇಕು. ಆ ಸಂಜೆ ಅವು ಯಾರ ಮನೆಗೆ ಹೋದವು ಎಂದು ಆ ಗುಂಪಿನಲ್ಲಿ ಯಾರೂ ಕೇಳಿದಂತಿಲ್ಲ.